ಹಾಲು ತೊರೆದ ತಾಯಿ

ಗಂಗರ ಮಂತ್ರಿ ಹಾಗೂ ಸೇನಾಪತಿಯಾಗಿದ್ದ ಚಾವುಂಡರಾಯನ ತಾಯಿ ಕಾಳಲಾದೇವಿ. ಭರತ ಚಕ್ರವರ್ತಿ ಪೌದನಪುರದಲ್ಲಿ ಮಾಡಿಸಿದ ಬಾಹುಬಲಿಯ ಬಿಂಬವನ್ನು ಕಾಣುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಆಕೆ ವ್ರತ ತೊಟ್ಟಳೆಂಬುದು ಐತಿಹ್ಯ. ವಯಸ್ಸನ್ನು ಲೆಕ್ಕಿಸದೆ ಮಗನೊಡನೆ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೊಡನೆ ಆ ದೂರದ ಊರಿಗೆ ಹೊರಟಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ತಂಗಿದ ರಾತ್ರಿ ಕೂಷ್ಮಾಂಡಿನೀದೇವಿ ಕನಸಿನಲ್ಲಿ ತೋರಿ, ಆ ಬಿಂಬ ಮನುಷ್ಯರಿಗೆ ಅಗಮ್ಯವೆಂದೂ ಎದುರಿನ ದೊಡ್ಡಬೆಟ್ಟದಲ್ಲೇ ಸ್ವಾಮಿಯ ದರ್ಶನವಾಗುವುದೆಂದೂ ಅರುಹಿದಳು. ಮಗ ಆ ಬೆಟ್ಟದ ಬಂಡೆಯಲ್ಲಿ 58 ಅಡಿಯ ಗೊಮ್ಮಟನನ್ನು ಕಡೆಯಿಸಿದನು; 981ರಲ್ಲಿ ಪ್ರತಿಷ್ಠೆ ನೆರವೇರಿತು. ಮೊಮ್ಮಗ ಜಿನದೇವನೂ ಬೆಳಗೊಳದಲ್ಲಿ ಬಸದಿ ಕಟ್ಟಿಸಿದುದನ್ನು ಶಾಸನ ತಿಳಿಸುತ್ತದೆ. ಸೇರಬೇಕೆಂದ ಊರನ್ನು ಕಾಳಲಾದೇವಿ ಸೇರಲಿಲ್ಲ. ವ್ರತವನ್ನು ಮುರಿಯಲೂ ಇಲ್ಲ. ಆ ಸ್ಥೈರ್ಯದ ಫಲವನ್ನು ಸಾವಿರ ವರ್ಷಗಳಿಂದ ಲೋಕವೇ ಕಣ್ತುಂಬಿಕೊಳ್ಳುತ್ತಿದೆ.