ಕೂಸಮ್ಮನ ಮಗ ದಾಸಪ್ಪ

ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ನಮ್ಮದೇ ನೆಲದ ಹಿರಿಯರೊಬ್ಬರನ್ನು ನೆನೆಯಬೇಕೆನಿಸಿತು. ಅವರು ಪಂಡಿತರಾಗಿರಲಿಲ್ಲ, ಆದರೆ ಪಂಡಿತರೇ ಅವರ ಬಳಿಗೆ ಬಂದು ಕೈಮುಗಿದರು. ಅವರೇ ವಿಜಯದಾಸರು.

ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರ್ವಿಯಲ್ಲಿ 1682ರಲ್ಲಿ ಅವರು ಹುಟ್ಟಿದರು. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಮನೆಯಲ್ಲಿ ಕಡುಬಡತನ. ಹುಡುಗನ ಹೆಸರು ದಾಸಪ್ಪ. ಓದು ಅಷ್ಟಾಗಿ ಹತ್ತದ ಈ ಹುಡುಗನನ್ನು ಊರವರು ಕೂಸಿಯ ಮಗ ದಾಸ ಎಂದು ಹಗುರವಾಗಿ ಕರೆಯುತ್ತಿದ್ದರಂತೆ. ಮದುವೆಯಾದ ಮೇಲೂ ಬಡತನ ಬಿಡಲಿಲ್ಲ. ಹೆಂಡತಿ ಅರಳಮ್ಮ ಆ ಕಷ್ಟದಲ್ಲಿ ಜೊತೆಗಿದ್ದರು.

ದಾಸಪ್ಪ ಊರು ಬಿಟ್ಟು ಕಾಶಿಯವರೆಗೂ ಅಲೆದರು. ಅಲ್ಲಿ ಪುರಂದರದಾಸರು ಕನಸಿನಲ್ಲಿ ಬಂದು ವಿಜಯವಿಠಲ ಎಂಬ ಅಂಕಿತ ಕೊಟ್ಟರೆಂದು ದಾಸ ಪರಂಪರೆ ನಂಬುತ್ತದೆ. ಮರಳಿ ಬಂದವರು ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಗೋಪಾಳಬುಟ್ಟಿ ಹಾಕಿ, ಮನೆಮನೆಯ ಮುಂದೆ ಹಾಡುತ್ತ ನಡೆದರು. ತಾಳಕ್ಕೊಂದು ನುಡಿಯಂತೆ ಕಟ್ಟುವ ಸುಳಾದಿಗಳಲ್ಲಿ ಅವರನ್ನು ಮೀರಿಸಿದವರು ಕಡಿಮೆ.

ಜನ ನಕ್ಕರೂ ತಮ್ಮ ದಾರಿ ಬಿಡದ ಇಂಥ ಸಂತರು ಬೇರೆ ನಾಡುಗಳಲ್ಲೂ ಇದ್ದರು. 6ನೆಯ ಶತಮಾನದಲ್ಲಿ ಸಿರಿಯಾದ ಎಮೆಸಾ ಪಟ್ಟಣದಲ್ಲಿದ್ದ ಸಿಮಿಯೋನ್ ಎಂಬ ಕ್ರೈಸ್ತ ವಿರಕ್ತರು ಬೇಕೆಂದೇ ಹುಚ್ಚನಂತೆ ನಡೆದುಕೊಂಡು, ಯಾರಿಗೂ ತಿಳಿಯದಂತೆ ದೀನರಿಗೆ ನೆರವಾದರೆಂದು ಅವರ ಚರಿತ್ರೆ ಹೇಳುತ್ತದೆ. ವಿಜಯದಾಸರು ಹುಚ್ಚಿನ ವೇಷ ಹಾಕಲಿಲ್ಲ. ಆದರೆ ಮಾನಾಪಮಾನದ ಹಂಗು ಇಬ್ಬರಿಗೂ ಇರಲಿಲ್ಲ. ಅಪವಾದಕ್ಕೆ ಹೆದರಿ ಕೂಸಿನೊಡನೆ ಸಾಯಲು ಹೊರಟಿದ್ದ ಹೆಣ್ಣುಮಗಳೊಬ್ಬಳನ್ನು ದಾಸರು ತಡೆದು, ಮಗಳಂತೆ ಮನೆಗೆ ಕರೆತಂದರಂತೆ. ಜನ ಏನೆಂದಾರೆಂದು ಯೋಚಿಸಲಿಲ್ಲ. ಆ ಕೂಸೇ ಮುಂದೆ ಮೋಹನದಾಸರಾದರು.

ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆಯನ್ನು ನಮ್ಮ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಅವರು ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು, ನೆಪವೇ ನಿಜವಾಯಿತು. ಕೊನೆಗೆ ದಾಸರಲ್ಲಿಗೇ ಬಂದರು. ದಾಸರು ಅವರನ್ನು ತಮ್ಮ ಶಿಷ್ಯ, ದೇವದುರ್ಗ ತಾಲೂಕಿನ ಮೊಸರುಕಲ್ಲಿನ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಜೋಳದ ಭಕ್ಕರಿ ತಿನ್ನಿಸಿ, ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದರೆಂಬುದು ನಂಬಿಕೆ. ಆ ಆಚಾರ್ಯರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಬರೆದರು.

ಇದನ್ನು ಪವಾಡವೆಂದು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ದೊಡ್ಡದಾಗಿ ಕಾಣುವುದು ಬೇರೆ. ತಮ್ಮನ್ನು ಕೀಳಾಗಿ ಕಂಡವರನ್ನು ದಾಸರು ಹೊರಗೆ ನಿಲ್ಲಿಸಲಿಲ್ಲ, ಅವರಿಗೂ ದಾರಿ ತೋರಿದರು. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕನ್ನಡ ಮಾಧ್ಯಮದಿಂದ ಬಂದ ನಮ್ಮನ್ನು ನೋಡಿ ನಕ್ಕವರಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಬೆಂಗಳೂರಿನ ಕಚೇರಿಯಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸುವಾಗ, ಇಂಗ್ಲಿಷಿಗೆ ತಡವರಿಸುವವರ ಪಕ್ಕದಲ್ಲಿ ಎರಡು ನಿಮಿಷ ಹೆಚ್ಚು ಕೂಡುತ್ತೇನೆ.

ವಿಜಯದಾಸರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಅದು ಈಗ ಆಂಧ್ರದಲ್ಲಿದೆ. ಪ್ರತಿವರ್ಷ ಅದೇ ತಿಥಿಯಂದು ಅವರ ಆರಾಧನೆ ನಡೆಯುತ್ತದೆ.

ನಮ್ಮ ಗುರುಗಳಲ್ಲಿ ನನ್ನದೊಂದು ವಿನಂತಿ: ಹಿಂದಿನ ಬೆಂಚಿನಲ್ಲಿ ಕೂತ, ಪಾಠ ತಲೆಗೆ ಹತ್ತದ ಹುಡುಗ ಹುಡುಗಿಯರನ್ನು ದಡ್ಡರೆಂದು ಕರೆಯಬೇಡಿ. ಮಕ್ಕಳೇ, ನೀವೂ ಗೆಳೆಯರನ್ನು ಹಾಗೆ ಕರೆಯಬೇಡಿ. ದಾಸಪ್ಪನನ್ನು ನಗೆಯಾಡಿದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.