ಬೂಷ್ಟನ್ನು ಎಸೆಯದ ಫ್ಲೆಮಿಂಗ್

ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ಬಸ್ಸು ಹತ್ತಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಬಂದು ಜೀವವಿಜ್ಞಾನ ಓದುವವರಿಗೆ ‘ಪೆನ್-ಸ್ಟ್ರೆಪ್’ ಹೊಸ ಪದವಲ್ಲ. ಪ್ರಾಣಿಕೋಶಗಳನ್ನು ಬೆಳೆಸುವ ಪೋಷಕ ದ್ರವಕ್ಕೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆಸುವುದು ರೂಢಿ. ಪೆನಿಸಿಲಿನ್ ಎಂದರೆ ಉಳಿದವರಿಗೆ ನೆನಪಾಗುವುದು ಇಂಜೆಕ್ಷನ್. ಆದರೆ ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಸುಮಾರು ಹತ್ತು ವರ್ಷ ಅದನ್ನು ಹೆಚ್ಚಾಗಿ ಬಳಸಿದ್ದು ಪ್ರಯೋಗಾಲಯದ ತಟ್ಟೆಗಳಲ್ಲೇ!

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ಲಂಡನ್ನಿಗೆ ಬಂದ ಹುಡುಗ ನಾಲ್ಕು ವರ್ಷ ಹಡಗು ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಚಿಕ್ಕಪ್ಪನ ಆಸ್ತಿಯಲ್ಲಿ ಸ್ವಲ್ಪ ಹಣ ಬಂದಾಗ ಸೇಂಟ್ ಮೇರೀಸ್ ವೈದ್ಯಕೀಯ ಕಾಲೇಜು ಸೇರಿದ. ಆ ಕಾಲೇಜೇ ಏಕೆಂದರೆ, ಹಿಂದೊಮ್ಮೆ ಅವರ ತಂಡದ ವಿರುದ್ಧ ವಾಟರ್ ಪೋಲೊ ಆಡಿದ್ದನಂತೆ!

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿ ಕೆಲಸ. ಗಾಯಕ್ಕೆ ಸುರಿಯುತ್ತಿದ್ದ ನಂಜುನಿರೋಧಕಗಳು ಆಳದಲ್ಲಿದ್ದ ಬ್ಯಾಕ್ಟೀರಿಯಾ ತಲುಪದೆ, ದೇಹವನ್ನು ಕಾಯುವ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತಿದ್ದುದನ್ನು ಅವರು ತೋರಿಸಿಕೊಟ್ಟರು. ಬ್ಯಾಕ್ಟೀರಿಯಾ ಸಾಯಬೇಕು, ನಮ್ಮ ಕೋಶ ಉಳಿಯಬೇಕು. ಅವರ ಮುಂದಿನ ಕೆಲಸವೆಲ್ಲ ಈ ಲೆಕ್ಕದ ಸುತ್ತಲೇ ನಡೆಯಿತು ಎಂದು ನನಗನ್ನಿಸುತ್ತದೆ. 1922ರಲ್ಲಿ ಕಣ್ಣೀರು, ಸಿಂಬಳದಲ್ಲಿರುವ ಲೈಸೋಜೈಮ್ ಬಗ್ಗೆ ಬರೆದರು.

1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಬಂದಾಗ ಸ್ಟೆಫೈಲೊಕಾಕಸ್ ಬೆಳೆಸಿದ್ದ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೂ ಬೂಷ್ಟು ಹತ್ತುವ ಮಲೆನಾಡಿನವರಿಗೆ ಇದೇನು ದೊಡ್ಡ ವಿಷಯವಲ್ಲ. ಒರೆಸಿ ಮುಂದೆ ಹೋಗುತ್ತೇವೆ. ಫ್ಲೆಮಿಂಗ್ ನೋಡುತ್ತ ನಿಂತರು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿದ್ದವು.

ಆ ಬೂಷ್ಟಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. ಅದು ಬಿಳಿ ರಕ್ತಕಣಗಳಿಗೆ ಹಾನಿ ಮಾಡಲಿಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸಕ್ಕೆ ಪೆನಿಸಿಲಿನ್ ಅಡ್ಡಿಯಾಗುತ್ತದೆ, ಪ್ರಾಣಿಕೋಶಕ್ಕೆ ಅಂಥ ಭಿತ್ತಿಯೇ ಇಲ್ಲ ಎಂಬ ಕಾರಣ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಇನ್ನೊಂದು ವಿಚಿತ್ರ ಎಂದರೆ, ಆಗ ಇನ್‌ಫ್ಲುಯೆಂಜಾಕ್ಕೆ ಕಾರಣ ಎಂದು ಹಲವರು ನಂಬಿದ್ದ ಬ್ಯಾಕ್ಟೀರಿಯಾ ಇದಕ್ಕೆ ಜಗ್ಗುತ್ತಿರಲಿಲ್ಲ. ಗಂಟಲಿನ ಮಾದರಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಗಿಜಿಗುಡುವಾಗ ಇದನ್ನು ಹೆಕ್ಕುವುದೇ ಕಷ್ಟ. ತಟ್ಟೆಗೆ ಪೆನಿಸಿಲಿನ್ ಹಾಕಿದರೆ ಉಳಿದವು ಅಡಗಿ, ಬೇಕಾದದ್ದು ಬೆಳೆಯುತ್ತಿತ್ತು. 1929ರ ಪ್ರಬಂಧದ ಶೀರ್ಷಿಕೆಯಲ್ಲೇ ಈ ಉಪಯೋಗದ ಮಾತಿದೆ.

ರಸವನ್ನು ಶುದ್ಧ ಔಷಧಿಯಾಗಿಸಲು ಮಾತ್ರ ಅವರಿಂದಾಗಲಿಲ್ಲ. ಅದನ್ನು ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಹೀಟ್ಲಿ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಬಂತು. ಹೀಟ್ಲಿಗೆ ಏನೂ ಸಿಗಲಿಲ್ಲ, ಅದು ಸರಿಯಲ್ಲ ಎಂದೇ ನನ್ನ ಅನಿಸಿಕೆ.

ತಟ್ಟೆಯಲ್ಲಿ ಶುರುವಾದ ಆ ಬಳಕೆ ನಮ್ಮ ಜಿಲ್ಲೆಯವರಿಗೂ ಸಂಬಂಧಪಟ್ಟದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಗೆ ಲಸಿಕೆ ಮಾಡಲು ವೈರಸ್ಸನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಬೇಕಾಯಿತು. ವೈರಸ್ ಬೆಳೆಯುವುದು ಜೀವಂತ ಕೋಶದಲ್ಲಿ ಮಾತ್ರ. ಅಂಥ ಕೋಶಗಳಿಗೆ ಬ್ಯಾಕ್ಟೀರಿಯಾ ಹತ್ತಿದರೆ ವಾರಗಳ ಶ್ರಮ ಒಂದೇ ರಾತ್ರಿಯಲ್ಲಿ ಹಾಳು. ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್ಸನ್ನು ಮುಟ್ಟುವುದಿಲ್ಲ.

ಹಾಗೆಂದು ಅದನ್ನೇ ನಂಬಿ ಕೂರುವಂತಿಲ್ಲ. ಕೋಶಭಿತ್ತಿಯೇ ಇಲ್ಲದ ಮೈಕೊಪ್ಲಾಸ್ಮಾಕ್ಕೆ ಪೆನಿಸಿಲಿನ್ ಲೆಕ್ಕಕ್ಕಿಲ್ಲ. ದ್ರವ ತಿಳಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ಪ್ರಯೋಗ ಕೆಟ್ಟಿರುತ್ತದೆ. ಆ್ಯಂಟಿಬಯೋಟಿಕ್ ಇದೆಯಲ್ಲ ಎಂದು ಕೈಶುಚಿ ಸಡಿಲಿಸುವವರಿಗೆ ಇದು ತಿಳಿಯುವಾಗ ತಡವಾಗಿರುತ್ತದೆ. ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಬ್ಯಾಕ್ಟೀರಿಯಾ ಪ್ರತಿರೋಧ ಕಲಿಯುತ್ತವೆ ಎಂದು ಫ್ಲೆಮಿಂಗ್ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು.

1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಚಿತಾಭಸ್ಮ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿದೆ. ಬೂಷ್ಟಿನ ತುಣುಕುಗಳನ್ನು ಗಾಜಿನೊಳಗೆ ಕೂರಿಸಿ ಗಣ್ಯರಿಗೆ ಉಡುಗೊರೆ ಕೊಡುವುದು ಕೊನೆಯ ವರ್ಷಗಳಲ್ಲಿ ಅವರಿಗೆ ಇಷ್ಟದ ಕೆಲಸವಾಗಿತ್ತು.