ಮುದ್ದೇನಹಳ್ಳಿಯ ಸರ್ ಎಂ.ವಿ. ಮತ್ತು ಭದ್ರಾವತಿಯ ಇದ್ದಿಲು

ಸರ್ ಎಂ.ವಿ. ಅಂದ್ರೆ ನಮಗೆಲ್ಲ ತಕ್ಷಣ ನೆನಪಾಗೋದು ಕನ್ನಂಬಾಡಿ ಕಟ್ಟೆ. ಪಾಲಿಮರ್, ಕಾಂಪೊಸಿಟ್ ಓದೋ ನಾವು ಅವರ ಇನ್ನೊಂದು ಕೆಲಸಾನೂ ತಿಳ್ಕೋಬೇಕು.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಲ್ಲೇ ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು.

ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಆದ್ರೆ ಕಾಡಿತ್ತು. ಮರ ಅನ್ನೋದು ಪ್ರಕೃತಿಯೇ ಮಾಡಿದ ಕಾಂಪೊಸಿಟ್: ಸೆಲ್ಯುಲೋಸ್ ನಾರು, ಅದನ್ನು ಹಿಡಿದಿಡೋ ಲಿಗ್ನಿನ್. ಗಾಳಿ ಕೊಡದೆ ಕಾಯಿಸಿದರೆ ಮರ ಕರಗಿ ನೀರಾಗಲ್ಲ. ಗಟ್ಟಿಯಾಗಿದ್ದ ಹಾಗೇ ಅದರ ಪಾಲಿಮರ್ ಸರಪಳಿಗಳು ಒಡೆಯುತ್ತವೆ. ಉಳಿಯೋದು ಇದ್ದಿಲು. ಹೊರಬಂದ ಆವಿ ತಣಿಸಿದರೆ ಮೆಥನಾಲ್, ಅಸಿಟಿಕ್ ಆಮ್ಲ, ಟಾರು. ಆ ಇದ್ದಿಲಿನಿಂದಲೇ ಅದಿರನ್ನು ಕಬ್ಬಿಣ ಮಾಡೋದು ಅಂತ ಭದ್ರಾವತಿ ಕಾರ್ಖಾನೆ ಕಟ್ಟಿದರು. 1923ರಲ್ಲಿ ಉತ್ಪಾದನೆ ಶುರುವಾಯಿತು.

ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಕಾರ್ಖಾನೆ ನಷ್ಟಕ್ಕೆ ಸಿಕ್ಕಿತು. ದಿವಾನ್ ಹುದ್ದೆ ಬಿಟ್ಟಿದ್ದ ಸರ್ ಎಂ.ವಿ. ಅವರನ್ನೇ ಸರ್ಕಾರ ಅಧ್ಯಕ್ಷರಾಗಿ ಕರೆಯಿತು. ಅರವತ್ತು ದಾಟಿದ್ದ ಅವರು 1929ರವರೆಗೆ ಅಲ್ಲಿ ನಿಂತು, ಖರ್ಚು ಹಿಡಿದು, ನಮ್ಮವರಿಗೇ ಕೆಲಸ ಕಲಿಸಿ ಕಾರ್ಖಾನೆ ಉಳಿಸಿದರು. ಅದಕ್ಕಾಗಿ ತಮಗೆ ಬರಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸೋ ಶಾಲೆಗೆ ಕೊಡಿಸಿದರು. ಅದೇ ಬೆಂಗಳೂರಿನ ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

1962ರಲ್ಲಿ ತೀರಿಕೊಂಡ ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ. ನಂದಿಬೆಟ್ಟಕ್ಕೆ ಹೋದಾಗ ನಾವು ಅಲ್ಲಿಗೂ ಹೋಗಿ ಬರೋಣ.